ನೀಲಿ ಪರದೆ ಬಂದರೆ ಏನು ಮಾಡಬೇಕು? – ಒಂದು ಕಾಮರ್ಸ್ ಪಾಠ



ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಕಡೆಯಿಂದ ನಮ್ಮ ಕಾಲೇಜಿಗೆ ಬರುವ ಅನೇಕರ ಮನೆಯಲ್ಲಿ ಒಂದು ಹಳೆಯ ಕಂಪ್ಯೂಟರ್ ಇರುತ್ತದೆ. ಪ್ರಾಜೆಕ್ಟ್, ಸ್ಕಾಲರ್‌ಶಿಪ್ ಅರ್ಜಿ, ಅಂಗಡಿಯ ಲೆಕ್ಕ, ತಮ್ಮ ತಂಗಿಯರ ಆಟ ಎಲ್ಲವೂ ಅದರಲ್ಲೇ ನಡೆಯುತ್ತದೆ. ಕೆಲಸ ಮಾಡುತ್ತಿರುವಾಗ ಇದ್ದಕ್ಕಿದ್ದಂತೆ ಪರದೆ ಪೂರ್ತಿ ನೀಲಿಯಾಗಿ, ಇಂಗ್ಲಿಷಿನಲ್ಲಿ ಏನೋ ಬರೆದುಕೊಂಡು, ತಾನಾಗಿಯೇ ಆಫ್ ಆಗಿ ಆನ್ ಆಗುವುದನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಅದು ವರ್ಷಕ್ಕೊಮ್ಮೆ ಬಂದರೆ ಮರೆತುಬಿಡಬಹುದು. ಎರಡು ದಿನಕ್ಕೊಮ್ಮೆ ಬಂದರೆ ಒಳಗೆ ಏನೋ ತೊಂದರೆ ಇದೆ ಎಂದೇ ಅರ್ಥ. ಆ ತೊಂದರೆಯನ್ನು ಯಾವ ಕ್ರಮದಲ್ಲಿ ಹುಡುಕಬೇಕು ಎಂಬುದು ಈ ಲೇಖನದ ವಿಷಯ.

ನಾನು ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಯಲ್ಲ, ಕಾಮರ್ಸ್ ಓದುವವರಲ್ಲಿ ಒಬ್ಬ ವಿದ್ಯಾರ್ಥಿ. ಆದರೆ ಪ್ರಥಮ ಪಿಯುಸಿಯ ಅಕೌಂಟೆನ್ಸಿಯಲ್ಲಿ ನಾವೆಲ್ಲ ಕಲಿತ ಒಂದು ಪಾಠ ಇದಕ್ಕೆ ಸರಿಯಾಗಿ ಹೊಂದುತ್ತದೆ. ಅದು ಟ್ರಯಲ್ ಬ್ಯಾಲೆನ್ಸ್, ಅಂದರೆ ತಾಳೆಪಟ್ಟಿ, ಮತ್ತು ತಪ್ಪುಗಳ ತಿದ್ದುಪಡಿ.

ನೀಲಿ ಪರದೆ ಎಂದರೇನು?

ಮೊದಲು ತಿಳಿಯಬೇಕಾದದ್ದು: ನೀಲಿ ಪರದೆಯೇ ರೋಗವಲ್ಲ. ಒಂದು ಆಟವೋ ಬ್ರೌಸರೋ ಕೆಟ್ಟರೆ ವಿಂಡೋಸ್ ಅದನ್ನು ಮಾತ್ರ ಮುಚ್ಚಿ ಮುಂದೆ ಹೋಗುತ್ತದೆ. ಆದರೆ ವಿಂಡೋಸ್‌ನ ಒಳಭಾಗದಲ್ಲಿ ಕರ್ನಲ್ ಎಂಬ ಮುಖ್ಯ ಪ್ರೋಗ್ರಾಂ ಇದೆ. ಮೆಮೊರಿ, ಹಾರ್ಡ್‌ಡಿಸ್ಕ್, ಕೀಬೋರ್ಡ್ ಎಲ್ಲವನ್ನೂ ನಡೆಸುವುದು ಅದೇ. ಪ್ರಿಂಟರ್, ಡಿಸ್‌ಪ್ಲೇ, ನೆಟ್‌ವರ್ಕ್ ಮುಂತಾದವುಗಳ ಡ್ರೈವರ್‌ಗಳಲ್ಲಿ ಹಲವು ಅದರ ಜೊತೆಯಲ್ಲೇ ಕೆಲಸ ಮಾಡುತ್ತವೆ. ಅಲ್ಲಿ ತಪ್ಪಾದರೆ ಯಾವುದನ್ನು ನಂಬಬೇಕು, ಯಾವುದನ್ನು ಬಿಡಬೇಕು ಎಂಬುದು ವಿಂಡೋಸ್‌ಗೆ ತಿಳಿಯುವುದಿಲ್ಲ. ಹಾಗೆಯೇ ಮುಂದುವರಿದರೆ ತಪ್ಪು ಮಾಹಿತಿ ಹಾರ್ಡ್‌ಡಿಸ್ಕ್‌ಗೂ ಬರೆದುಹೋಗಬಹುದು. ಆದ್ದರಿಂದ ಅದು ಬೇಕೆಂದೇ ಎಲ್ಲವನ್ನೂ ನಿಲ್ಲಿಸಿ, ನಿಲ್ಲಿಸಿದ ಕಾರಣವನ್ನು ಒಂದು ಸ್ಟಾಪ್ ಕೋಡ್ ರೂಪದಲ್ಲಿ ತೋರಿಸುತ್ತದೆ. 2025ರಲ್ಲಿ ಮೈಕ್ರೋಸಾಫ್ಟ್ ವಿಂಡೋಸ್ 11ರಲ್ಲಿ ಈ ಪರದೆಯ ಬಣ್ಣವನ್ನು ಕಪ್ಪು ಮಾಡಿತು. ಬಣ್ಣ ಬದಲಾದರೂ ಕೆಲಸ ಅದೇ.

ತಾಳೆಪಟ್ಟಿಯಲ್ಲಿ ಡೆಬಿಟ್ ಮತ್ತು ಕ್ರೆಡಿಟ್ ಮೊತ್ತ ಸರಿಹೊಂದದಿದ್ದರೆ ನಾವು ಮುಂದಿನ ಹೆಜ್ಜೆ ಇಡುವುದಿಲ್ಲ, ಎಲ್ಲೋ ತಪ್ಪಿದೆ ಎಂದು ನಿಲ್ಲುತ್ತೇವೆ. ನೀಲಿ ಪರದೆಯೂ ಹಾಗೆಯೇ. ತಪ್ಪಿದೆ ಎಂದು ಹೇಳುತ್ತದೆ. ಎಲ್ಲಿದೆ ಎಂದು ಹುಡುಕುವ ಕೆಲಸ ನಮ್ಮದು.

ಫಾರ್ಮ್ಯಾಟ್ ಮಾಡಿದರೆ ಸಾಲದೇ?

ನಮ್ಮ ಅಬ್ಬಾ ಬೋರ್‌ವೆಲ್ ಮೋಟಾರಿನ ಬಿಡಿ ಭಾಗ, ಪೈಪು, ಫಿಟಿಂಗ್ ಮಾರುವ ಅಂಗಡಿ ಇಟ್ಟಿದ್ದಾರೆ. ಗಿರಾಕಿಗಳಲ್ಲಿ ಹೆಚ್ಚಿನವರು ಸುತ್ತಲಿನ ಹಳ್ಳಿಗಳ ರೈತರು. ಮೋಟಾರ್ ಕೆಟ್ಟಾಗ ಬೆಳೆ ಒಣಗುತ್ತಿರುತ್ತದೆ, ಕೈಯಲ್ಲಿ ಹಣ ಇರುವುದಿಲ್ಲ. "ಕಬ್ಬಿನ ದುಡ್ಡು ಬಂದ್ಮೇಲೆ ಕೊಡ್ತೀನಿ ಭಾಯ್" ಎಂದು ಸಾಮಾನು ತೆಗೆದುಕೊಂಡು ಹೋಗುತ್ತಾರೆ. ಹೀಗೆ ಉದ್ರಿ ಇರುವ 63 ಜನರ ಲೆಕ್ಕ ಮನೆಯ ಕಂಪ್ಯೂಟರಿನ ಎಕ್ಸೆಲ್ ಫೈಲಿನಲ್ಲಿದೆ. ಒಟ್ಟು ಸುಮಾರು ಮೂರು ಲಕ್ಷ ರೂಪಾಯಿ. ಅದೇ ಕಂಪ್ಯೂಟರ್ 21 ದಿನದಲ್ಲಿ 11 ಸಲ ನೀಲಿಯಾಯಿತು.

ರಿಪೇರಿಯವರಿಗೆ ತೋರಿಸಿದಾಗ ಸಿಕ್ಕ ಉತ್ತರ, "ಒಂದ್ಸಲ ಫಾರ್ಮ್ಯಾಟ್ ಹೊಡುದ್ರೆ ಎಲ್ಲಾ ಸರಿ ಹೋಯ್ತದೆ ಭಾಯ್, ಏಳ್ನೂರು ರೂಪಾಯಿ ಆಯ್ತದೆ." ಈ ಉತ್ತರವನ್ನು ನೀವೂ ಕೇಳಿರುತ್ತೀರಿ. ಸಾಫ್ಟ್‌ವೇರ್ ಕೆಟ್ಟಿದ್ದರೆ ಫಾರ್ಮ್ಯಾಟ್ ಮಾಡಿದಾಗ ಸರಿಯಾಗುವುದು ನಿಜ. ಹಾರ್ಡ್‌ವೇರ್ ಕೆಟ್ಟಿದ್ದರೆ ಆಗುವುದಿಲ್ಲ. ಯಾವುದು ಕೆಟ್ಟಿದೆ ಎಂದು ನೋಡುವ ಮೊದಲೇ ಫಾರ್ಮ್ಯಾಟ್ ಮಾಡುವುದು, ತಾಳೆಪಟ್ಟಿಯ ವ್ಯತ್ಯಾಸವನ್ನು ಸಸ್ಪೆನ್ಸ್ ಖಾತೆಗೆ ಹಾಕಿದಂತೆ. ಎರಡೂ ಕಡೆಯ ಮೊತ್ತ ಸದ್ಯಕ್ಕೆ ಸರಿಹೊಂದುತ್ತದೆ, ತಪ್ಪು ಮಾತ್ರ ಪುಸ್ತಕದಲ್ಲೇ ಉಳಿಯುತ್ತದೆ. ಕಂಪ್ಯೂಟರಿನ ವಿಷಯದಲ್ಲಿ ಇನ್ನೊಂದು ನಷ್ಟವೂ ಇದೆ. ಬ್ಯಾಕಪ್ ಇಲ್ಲದಿದ್ದರೆ ಲೆಕ್ಕವೂ ಅಳಿಸಿಹೋಗುತ್ತದೆ, ತಪ್ಪಿನ ಗುರುತುಗಳೂ ಅಳಿಸಿಹೋಗುತ್ತವೆ.

ಕುರ್‌ಆನಿನ ಅತಿ ಉದ್ದದ ಆಯತ್ ಸೂರಃ ಅಲ್-ಬಕರದ 282ನೆಯದು. ಅವಧಿ ಗೊತ್ತುಮಾಡಿ ಸಾಲದ ವ್ಯವಹಾರ ಮಾಡುವಾಗ ಅದನ್ನು ಬರೆದಿಡಬೇಕು, ಮೊತ್ತ ಚಿಕ್ಕದಾದರೂ ಬರೆಯಲು ಬೇಸರಪಡಬಾರದು ಎಂಬುದು ಅದರಲ್ಲಿರುವ ವಿಷಯ. ಬರೆದದ್ದು ಕಳೆದುಹೋದರೆ ಅಥವಾ ಬದಲಾದರೆ ಅಂಗಡಿಯವರಿಗೆ ಮಾತ್ರವಲ್ಲ, ಸಾಲ ತೆಗೆದುಕೊಂಡ ರೈತರಿಗೂ ಅನ್ಯಾಯವಾಗುತ್ತದೆ. ಹೀಗಾಗಿ ಕಂಪ್ಯೂಟರ್ ರಿಪೇರಿ ಎಂಬುದು ಇಲ್ಲಿ ಬರೀ ಯಂತ್ರದ ವಿಷಯವಲ್ಲ.

ಮೊದಲ ಹೆಜ್ಜೆ: ಬ್ಯಾಕಪ್

ಏನನ್ನೂ ಬಿಚ್ಚುವ ಮೊದಲು, ಯಾವ ಪರೀಕ್ಷೆ ಮಾಡುವ ಮೊದಲು, ಮುಖ್ಯ ಫೈಲುಗಳನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡಿಕೊಳ್ಳಿ. ಹಳೆಯ ಬ್ಯಾಕಪ್ ಇದ್ದರೆ ಅದರ ಮೇಲೆಯೇ ಹೊಸದನ್ನು ಬರೆಯಬೇಡಿ. ತಾರೀಖು ಹಾಕಿದ ಬೇರೆ ಫೋಲ್ಡರ್ ಮಾಡಿ. ಕೆಟ್ಟ ಕಂಪ್ಯೂಟರಿನಿಂದ ಬಂದ ಕಾಪಿ ಸರಿಯಿಲ್ಲದೆಯೂ ಇರಬಹುದು, ಆಗ ಹಳೆಯದೇ ಕೈಹಿಡಿಯುತ್ತದೆ. ಕಾಪಿ ಮಾಡಿದ ಫೈಲನ್ನು ಬೇರೆ ಕಂಪ್ಯೂಟರಿನಲ್ಲಿ ಒಮ್ಮೆ ತೆರೆದು ನೋಡಿ. ತೆರೆದು ನೋಡದ ಬ್ಯಾಕಪ್ಪನ್ನು ಲೆಕ್ಕಕ್ಕೆ ಹಿಡಿಯಬಾರದು.

ಎರಡನೆಯ ಹೆಜ್ಜೆ: ದಿನಚರಿ

ಅಕೌಂಟೆನ್ಸಿಯಲ್ಲಿ ಮೊದಲು ಜರ್ನಲ್, ಆಮೇಲೆ ಲೆಡ್ಜರ್. ಇಲ್ಲಿಯೂ ಹಾಗೆಯೇ. ಒಂದು ನೋಟ್‌ಬುಕ್ಕಿನಲ್ಲಿ ಐದು ಅಂಕಣ ಹಾಕಿ: ತಾರೀಖು, ಸಮಯ, ಸ್ಟಾಪ್ ಕೋಡ್, ಆಗ ಮಾಡುತ್ತಿದ್ದ ಕೆಲಸ, ಆ ದಿನ ಒಟ್ಟು ಎಷ್ಟು ಗಂಟೆ ಕಂಪ್ಯೂಟರ್ ಬಳಸಿದಿರಿ ಎಂಬುದು.

ಕೋಡ್ ಓದುವಷ್ಟರಲ್ಲಿ ಪರದೆ ಮಾಯವಾಗುತ್ತಿದ್ದರೆ ಒಂದು ಸೆಟ್ಟಿಂಗ್ ಬದಲಿಸಬೇಕು. ಸ್ಟಾರ್ಟ್ ಮೆನುವಿನಲ್ಲಿ 'ಅಡ್ವಾನ್ಸ್‌ಡ್ ಸಿಸ್ಟಮ್ ಸೆಟ್ಟಿಂಗ್ಸ್' ಎಂದು ಹುಡುಕಿ ತೆರೆಯಿರಿ. 'ಸ್ಟಾರ್ಟಪ್ ಅಂಡ್ ರಿಕವರಿ' ಎಂಬಲ್ಲಿ ಸೆಟ್ಟಿಂಗ್ಸ್ ಒತ್ತಿ, 'ಆಟೊಮ್ಯಾಟಿಕಲಿ ರೀಸ್ಟಾರ್ಟ್' ಎಂಬುದರ ಮುಂದಿರುವ ಟಿಕ್ ತೆಗೆಯಿರಿ. ಆಮೇಲೆ ನೀಲಿ ಪರದೆ ನೀವೇ ಆಫ್ ಮಾಡುವವರೆಗೂ ನಿಲ್ಲುತ್ತದೆ. ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಳ್ಳಬಹುದು.

ಕಂಪ್ಯೂಟರ್ ತಾನೂ ಒಂದು ದಿನಚರಿ ಬರೆದಿರುತ್ತದೆ. ಸ್ಟಾರ್ಟ್ ಮೆನುವಿನಲ್ಲಿ 'ರಿಲಯಬಿಲಿಟಿ ಹಿಸ್ಟರಿ' ಎಂದು ಹುಡುಕಿದರೆ ಯಾವ ದಿನ ಏನು ಕೆಟ್ಟಿತು, ಯಾವ ದಿನ ಯಾವ ಅಪ್‌ಡೇಟ್ ಬಂತು ಎಂಬ ಪಟ್ಟಿ ಕ್ಯಾಲೆಂಡರಿನಂತೆ ಬರುತ್ತದೆ. 'ಈವೆಂಟ್ ವ್ಯೂವರ್' ಎಂಬುದರಲ್ಲಿ ಇನ್ನೂ ವಿವರ ಇರುತ್ತದೆ. ಅಲ್ಲಿ 'ಬಗ್‌ಚೆಕ್' ಹೆಸರಿನ 1001 ಸಂಖ್ಯೆಯ ನಮೂದು ನೀಲಿ ಪರದೆಯದು. 'ಕರ್ನಲ್ ಪವರ್ 41' ಎಂಬ ನಮೂದು, ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗದೆ ಮತ್ತೆ ಆನ್ ಆಯಿತು ಎಂದಷ್ಟೇ ಹೇಳುತ್ತದೆ. ಕರೆಂಟ್ ಹೋದರೂ ಅದು ಬರುತ್ತದೆ, ನೀಲಿ ಪರದೆಯ ನಂತರವೂ ಬರುತ್ತದೆ. ಅದರಲ್ಲಿ ಪವರ್ ಎಂಬ ಪದ ಇದೆ ಎಂದು ಕರೆಂಟಿನದೇ ತಪ್ಪು ಎನ್ನಬಾರದು.

ಕೆಲವು ಕೋಡ್‌ಗಳ ಅರ್ಥ

• ಮೆಮೊರಿ ಮ್ಯಾನೇಜ್‌ಮೆಂಟ್, ಪೇಜ್ ಫಾಲ್ಟ್ ಇನ್ ನಾನ್‌ಪೇಜ್ಡ್ ಏರಿಯಾ: ಮೆಮೊರಿಯ ಲೆಕ್ಕ ತಪ್ಪಿದೆ. ರ‍್ಯಾಮ್ ಅಥವಾ ಯಾವುದಾದರೂ ಡ್ರೈವರ್ ಕಾರಣ ಇರಬಹುದು.
• ಐಆರ್‌ಕ್ಯೂಎಲ್ ನಾಟ್ ಲೆಸ್ ಆರ್ ಈಕ್ವಲ್: ಒಂದು ಡ್ರೈವರ್ ತನಗೆ ಸೇರದ ಮೆಮೊರಿ ಜಾಗವನ್ನು ಮುಟ್ಟಿದೆ. ಹೆಚ್ಚಾಗಿ ಡ್ರೈವರ್ ತಪ್ಪು, ಕೆಲವೊಮ್ಮೆ ರ‍್ಯಾಮ್.
• ಕರ್ನಲ್ ಡೇಟಾ ಇನ್‌ಪೇಜ್ ಎರರ್: ಹಾರ್ಡ್‌ಡಿಸ್ಕ್‌ನಿಂದ ಮಾಹಿತಿ ಓದಲಾಗಲಿಲ್ಲ. ಡಿಸ್ಕ್, ಅದರ ಕೇಬಲ್, ಕೆಲವೊಮ್ಮೆ ರ‍್ಯಾಮ್ ನೋಡಬೇಕು.
• ವಿಡಿಯೋ ಟಿಡಿಆರ್ ಫೇಲ್ಯೂರ್: ಡಿಸ್‌ಪ್ಲೇ ಡ್ರೈವರ್ ಅಥವಾ ಗ್ರಾಫಿಕ್ಸ್ ಕಾರ್ಡ್.
• ಹ್ವೀಯಾ ಅನ್‌ಕರೆಕ್ಟಬಲ್ ಎರರ್: ಹಾರ್ಡ್‌ವೇರ್ ತಾನೇ ದೂರು ಕೊಟ್ಟಿದೆ. ಪ್ರೊಸೆಸರ್, ಬಿಸಿ, ವಿದ್ಯುತ್ ಪೂರೈಕೆ ಇತ್ಯಾದಿ.

ಒಂದು ಕೋಡ್ ನೋಡಿ ತೀರ್ಪು ಕೊಡಬಾರದು. ಹತ್ತು ಕೋಡ್ ಸೇರಿದಾಗ ಅವುಗಳ ಮಾದರಿ ಕಾಣುತ್ತದೆ. ನಮ್ಮ ದಿನಚರಿಯಲ್ಲಿ 11 ಸಲದ ಪೈಕಿ ಮೆಮೊರಿ ಮ್ಯಾನೇಜ್‌ಮೆಂಟ್ 4, ಪೇಜ್ ಫಾಲ್ಟ್ 3, ಐಆರ್‌ಕ್ಯೂಎಲ್ 3 ಇದ್ದವು. ಒಂದು ಸಲದ್ದು ಸೆಟ್ಟಿಂಗ್ ಬದಲಿಸುವ ಮೊದಲೇ ಬಂದದ್ದರಿಂದ ಓದಲು ಸಿಗಲಿಲ್ಲ. ಕೆಲವು ಸಲ ಕೋಡಿನ ಕೆಳಗೆ ಫೈಲಿನ ಹೆಸರೂ ಬರುತ್ತಿತ್ತು. ಅದು ಪ್ರತಿ ಸಲವೂ ಬೇರೆ ಬೇರೆ.

ಸಾಫ್ಟ್‌ವೇರ್ ತಪ್ಪಾದರೆ ಹೇಗಿರುತ್ತದೆ?

ಇದಕ್ಕೆ ದೊಡ್ಡ ಉದಾಹರಣೆ 2024ರ ಜುಲೈ 19ರ ಶುಕ್ರವಾರ. ಕ್ರೌಡ್‌ಸ್ಟ್ರೈಕ್ ಎಂಬ ಅಮೆರಿಕದ ಭದ್ರತಾ ಸಾಫ್ಟ್‌ವೇರ್ ಕಂಪನಿ ನಮ್ಮ ಸಮಯ ಬೆಳಿಗ್ಗೆ 9.39ಕ್ಕೆ ತನ್ನ ಗ್ರಾಹಕರ ವಿಂಡೋಸ್ ಕಂಪ್ಯೂಟರುಗಳಿಗೆ ಒಂದು ಚಿಕ್ಕ ಅಪ್‌ಡೇಟ್ ಕಳಿಸಿತು. 10.57ಕ್ಕೆ ಅದನ್ನು ಹಿಂದಕ್ಕೆ ಪಡೆಯಿತು. ಆ 78 ನಿಮಿಷದಲ್ಲಿ ಜಗತ್ತಿನಾದ್ಯಂತ ಸುಮಾರು 85 ಲಕ್ಷ ಕಂಪ್ಯೂಟರುಗಳು ನೀಲಿ ಪರದೆಗೆ ಬಿದ್ದವು ಎಂದು ಮೈಕ್ರೋಸಾಫ್ಟ್ ಅಂದಾಜು ಮಾಡಿತು. ಬ್ಯಾಂಕು, ಆಸ್ಪತ್ರೆ, ಟಿವಿ ಚಾನೆಲ್, ವಿಮಾನ ನಿಲ್ದಾಣಗಳ ಕೆಲಸ ನಿಂತಿತು. ಆ ದಿನ ನಮ್ಮ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲೂ ಕೆಲವು ವಿಮಾನ ಸಂಸ್ಥೆಗಳು ಕಂಪ್ಯೂಟರ್ ಬಿಟ್ಟು ಕೈಯಲ್ಲೇ ಚೆಕ್-ಇನ್ ಮಾಡಬೇಕಾಯಿತು.

ಕಾರಣ ಏನು? ಕಂಪನಿಯ ತನಿಖೆಯಲ್ಲಿ ಹೊರಬಂದದ್ದು ಇಷ್ಟು: ಹೊಸ ಫೈಲು 21 ಮಾಹಿತಿಗಳಿವೆ ಎಂದುಕೊಂಡು ಕೆಲಸ ಮಾಡುತ್ತಿತ್ತು, ಪ್ರೋಗ್ರಾಂ ಕೊಟ್ಟದ್ದು 20 ಮಾತ್ರ. ಇಲ್ಲದ 21ನೆಯದನ್ನು ಓದಲು ಹೋಗಿ ತನ್ನದಲ್ಲದ ಮೆಮೊರಿಗೆ ಕೈಹಾಕಿತು. ಅದು ಕರ್ನಲ್ ಜೊತೆ ಕೆಲಸ ಮಾಡುವ ಸಾಫ್ಟ್‌ವೇರ್ ಆದ್ದರಿಂದ ವಿಂಡೋಸ್ ಪೂರ್ತಿ ನಿಂತಿತು. ಆನ್ ಮಾಡಿದರೆ ಮತ್ತೆ ಅದೇ ಫೈಲು, ಮತ್ತೆ ನೀಲಿ ಪರದೆ. ಕಂಪನಿ ಕೊಟ್ಟ ಪರಿಹಾರ ಫಾರ್ಮ್ಯಾಟ್ ಆಗಿರಲಿಲ್ಲ. ಸೇಫ್ ಮೋಡ್‌ಗೆ ಹೋಗಿ ಆ ಒಂದು ಫೈಲನ್ನು ಅಳಿಸುವುದು ಅಷ್ಟೇ.

ಸಾಫ್ಟ್‌ವೇರ್ ತಪ್ಪಿನ ಗುರುತುಗಳು ಇದರಲ್ಲಿ ಸ್ಪಷ್ಟವಾಗಿವೆ. ಒಂದು ಬದಲಾವಣೆಯ ನಂತರ ತೊಂದರೆ ಶುರುವಾಗುತ್ತದೆ. ಪ್ರತಿ ಸಲ ಹೆಚ್ಚುಕಡಿಮೆ ಅದೇ ಕೋಡ್, ಅದೇ ಫೈಲಿನ ಹೆಸರು ಬರುತ್ತದೆ. ಸೇಫ್ ಮೋಡ್‌ನಲ್ಲಿ ತೊಂದರೆ ಇರುವುದಿಲ್ಲ. ನಿಮ್ಮ ಮನೆಯಲ್ಲಿ ಹೊಸ ಪ್ರಿಂಟರ್ ಹಾಕಿದ ಮೇಲೆ, ಹೊಸ ಆ್ಯಂಟಿವೈರಸ್ ಹಾಕಿದ ಮೇಲೆ ಹೀಗೆ ಆಗಿದ್ದರೆ ಅದನ್ನು ತೆಗೆದು ನೋಡಿ. ಡಿವೈಸ್ ಮ್ಯಾನೇಜರ್‌ನಲ್ಲಿ ಹಳೆಯ ಡ್ರೈವರ್‌ಗೆ ಹಿಂದಿರುಗಲು 'ರೋಲ್ ಬ್ಯಾಕ್ ಡ್ರೈವರ್' ಎಂಬ ಬಟನ್ ಕೂಡ ಇದೆ.

ಸೇಫ್ ಮೋಡ್‌ಗೆ ಹೋಗಲು ಶಿಫ್ಟ್ ಕೀಲಿ ಒತ್ತಿ ಹಿಡಿದು ರೀಸ್ಟಾರ್ಟ್ ಕ್ಲಿಕ್ ಮಾಡಿ. ನಂತರ ಟ್ರಬಲ್‌ಶೂಟ್, ಅಡ್ವಾನ್ಸ್‌ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್ ಎಂದು ಹೋಗಿ 4 ಒತ್ತಿ. ಆಗ ವಿಂಡೋಸ್ ಅತಿ ಅಗತ್ಯವಾದ ಡ್ರೈವರ್‌ಗಳನ್ನು ಮಾತ್ರ ಹಾಕಿಕೊಂಡು ತೆರೆಯುತ್ತದೆ. ನಮ್ಮ ಕಂಪ್ಯೂಟರ್ ಸೇಫ್ ಮೋಡ್‌ನಲ್ಲೂ ಒಮ್ಮೆ ನೀಲಿಯಾಯಿತು. ಕೋಡ್‌ಗಳು ಬೇರೆ, ಫೈಲುಗಳು ಬೇರೆ, ಸೇಫ್ ಮೋಡ್‌ನಲ್ಲೂ ಬಿಡದು. ಮೂರೂ ಸೇರಿದಾಗ ಹಾರ್ಡ್‌ವೇರ್ ಮೇಲೆ ಅನುಮಾನ ಬಲವಾಗುತ್ತದೆ.

ಅನುಮಾನಗಳನ್ನು ಒಂದೊಂದಾಗಿ ಬಿಡುವುದು

ಇಲ್ಲಿ ಒಂದು ನಿಯಮ: ಒಂದು ಸಲಕ್ಕೆ ಒಂದೇ ಬದಲಾವಣೆ. ಮೂರನ್ನು ಒಟ್ಟಿಗೆ ಬದಲಿಸಿ ಸರಿಯಾದರೆ ಯಾವುದರಿಂದ ಸರಿಯಾಯಿತು ಎಂದು ತಿಳಿಯುವುದೇ ಇಲ್ಲ.

ವಿದ್ಯುತ್: ನಮ್ಮ ಕಡೆ ವೋಲ್ಟೇಜ್ ಏರಿಳಿತ ಎಲ್ಲರಿಗೂ ಗೊತ್ತು. ನಮ್ಮ ಮನೆಯಲ್ಲಿ ಎಲ್ಲರೂ ಮೊದಲು ಹೇಳಿದ್ದು ಅದನ್ನೇ. 11ರಲ್ಲಿ 8 ಸಲ ಬಂದದ್ದು ಸಂಜೆ ಹೊತ್ತು, ಆಗ ವೋಲ್ಟೇಜ್ ಕಡಿಮೆ ಇರುತ್ತದೆ ಎಂಬುದು ವಾದ. ದಿನಚರಿಯ ಕೊನೆಯ ಅಂಕಣ ಇಲ್ಲಿ ಕೆಲಸಕ್ಕೆ ಬಂತು. 21 ದಿನದಲ್ಲಿ ಒಟ್ಟು 42 ಗಂಟೆ ಬಳಸಿದ್ದೆವು. ಅದರಲ್ಲಿ 30 ಗಂಟೆ ಸಂಜೆ, 12 ಗಂಟೆ ಉಳಿದ ಹೊತ್ತು. ಸಂಜೆ 30 ಗಂಟೆಗೆ 8 ಸಲ, ಅಂದರೆ ಗಂಟೆಗೆ 0.27. ಉಳಿದ ಹೊತ್ತು 12 ಗಂಟೆಗೆ 3 ಸಲ, ಅಂದರೆ ಗಂಟೆಗೆ 0.25. ಎರಡೂ ಹೆಚ್ಚುಕಡಿಮೆ ಒಂದೇ. ಸಂಜೆ ಹೆಚ್ಚು ಬಂದದ್ದು ಸಂಜೆ ಹೆಚ್ಚು ಬಳಸಿದ್ದರಿಂದ. ಖಾತ್ರಿಗಾಗಿ ಖಾಲಾ ಮನೆಯಿಂದ ಯುಪಿಎಸ್ ತಂದು ಆರು ದಿನ ನಡೆಸಿದೆವು. ಆಗಲೂ ಮೂರು ಸಲ ನೀಲಿಯಾಯಿತು. ಹೊರಗಿನ ಕರೆಂಟಿನ ಮೇಲಿನ ಅನುಮಾನ ಬಿಟ್ಟೆವು.

ಸಿಪಿಯು ಡಬ್ಬದ ಒಳಗಿನ ಎಸ್‌ಎಂಪಿಎಸ್ ಕೂಡ ಕೆಡಬಹುದು. ಅದು ಕೊಡುವ 12 ವೋಲ್ಟ್ ಮಾರ್ಗದಲ್ಲಿ ಶೇ. 5ರಷ್ಟು ಹೆಚ್ಚು ಕಡಿಮೆ ಇರಬಹುದು, ಅಂದರೆ 11.4ರಿಂದ 12.6ರವರೆಗೆ. ಹಲವು ಕಂಪ್ಯೂಟರುಗಳ ಬಯಾಸ್‌ನಲ್ಲಿ ಈ ಅಂಕಿ ಕಾಣುತ್ತದೆ. ನಮ್ಮದು ಈ ಮಿತಿಯೊಳಗೇ ಇತ್ತು. ಎಸ್‌ಎಂಪಿಎಸ್ಸನ್ನು ಮಾತ್ರ ಯಾರೂ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಅದರೊಳಗಿನ ಕೆಪ್ಯಾಸಿಟರ್‌ಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ.

ಬಿಸಿ: ಧೂಳು ತುಂಬಿ ಫ್ಯಾನ್ ನಿಧಾನವಾದರೆ ಪ್ರೊಸೆಸರ್ ಕಾಯುತ್ತದೆ. ಆದರೆ ಅತಿ ಬಿಸಿಯಾದಾಗ ಕಂಪ್ಯೂಟರ್ ಸಾಮಾನ್ಯವಾಗಿ ನಿಧಾನವಾಗುತ್ತದೆ ಅಥವಾ ಒಮ್ಮೆಲೇ ಆಫ್ ಆಗುತ್ತದೆ. ನಮ್ಮದು ಬೆಳಿಗ್ಗೆ ಆನ್ ಮಾಡಿದ ಹತ್ತು ನಿಮಿಷಕ್ಕೇ ನೀಲಿಯಾದ ದಿನವೂ ಇತ್ತು. ಮೃದುವಾದ ಬ್ರಷ್‌ನಿಂದ ಧೂಳು ತೆಗೆದೆ, ಫ್ಯಾನ್ ಚೆನ್ನಾಗಿ ತಿರುಗುತ್ತಿತ್ತು. ಮರುದಿನ ಮತ್ತೆ ಬಂತು.

ಹಾರ್ಡ್‌ಡಿಸ್ಕ್: ಸಿ ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್, ಟೂಲ್ಸ್, ಚೆಕ್ ಎಂದು ಹೋದರೆ ಡಿಸ್ಕ್ ಪರೀಕ್ಷೆ ಆಗುತ್ತದೆ. ದೋಷ ಕಾಣಲಿಲ್ಲ.

ರ‍್ಯಾಮ್ ಪರೀಕ್ಷೆ

ರ‍್ಯಾಮ್ ಎಂದರೆ ಕಂಪ್ಯೂಟರ್ ಕೆಲಸ ಮಾಡುವಾಗ ಮಾಹಿತಿ ಇಟ್ಟುಕೊಳ್ಳುವ ಜಾಗ. ಅದರಲ್ಲಿ ಕೋಟಿಗಟ್ಟಲೆ ಅತಿ ಚಿಕ್ಕ ಕೋಶಗಳಿವೆ. ಪ್ರತಿ ಕೋಶದಲ್ಲಿ ವಿದ್ಯುತ್ ಇದ್ದರೆ ಒಂದು ಅಂಕಿ, ಇಲ್ಲದಿದ್ದರೆ ಇನ್ನೊಂದು, 1 ಅಥವಾ 0. ಆ ವಿದ್ಯುತ್ ಸೋರಿಹೋಗುತ್ತಿರುವುದರಿಂದ ಸೆಕೆಂಡಿಗೆ ಹಲವು ಬಾರಿ ಮತ್ತೆ ತುಂಬುತ್ತಿರಬೇಕು. ಒಂದು ಕೋಶ ಕೆಟ್ಟರೂ ಅಲ್ಲಿ ಬರೆದದ್ದೊಂದು, ಓದಿದ್ದೊಂದು ಆಗುತ್ತದೆ. ಯಾವ ಪ್ರೋಗ್ರಾಂ ಆ ಕೋಶಕ್ಕೆ ಬಂದು ಕೂತಿರುತ್ತದೋ ಅದು ಕೆಡುತ್ತದೆ. ಪ್ರತಿ ಸಲ ಬೇರೆ ಫೈಲಿನ ಹೆಸರು ಬರುವುದು ಇದಕ್ಕೇ.

ಸ್ಟಾರ್ಟ್ ಮೆನುವಿನಲ್ಲಿ 'ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್' ಎಂದು ಹುಡುಕಿದರೆ ವಿಂಡೋಸ್‌ನದೇ ಪರೀಕ್ಷೆ ಸಿಗುತ್ತದೆ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ ಪರೀಕ್ಷೆ ಶುರುವಾದಾಗ ಎಫ್1 ಒತ್ತಿ 'ಎಕ್ಸ್‌ಟೆಂಡೆಡ್' ಆರಿಸಿದರೆ ಪರೀಕ್ಷೆ ಹೆಚ್ಚು ಕಠಿಣ, ಗಂಟೆಗಟ್ಟಲೆ ಹಿಡಿಯುತ್ತದೆ. ಇನ್ನೂ ಚೆನ್ನಾಗಿ ನೋಡಬೇಕಾದರೆ 'ಮೆಮ್‌ಟೆಸ್ಟ್86' ಎಂಬ ಪ್ರೋಗ್ರಾಂ ಇದೆ. ಅದನ್ನು ಪೆನ್‌ಡ್ರೈವ್‌ನಲ್ಲಿ ಹಾಕಿ, ವಿಂಡೋಸ್ ಇಲ್ಲದೆಯೇ ನಡೆಸಬಹುದು. ನಮ್ಮ ಕಂಪ್ಯೂಟರ್ ಸೈನ್ಸ್ ಸರ್ ಅದನ್ನು ಪೆನ್‌ಡ್ರೈವ್‌ಗೆ ಹಾಕಿಕೊಟ್ಟರು. ರಾತ್ರಿ ಹಚ್ಚಿಟ್ಟು ಬೆಳಿಗ್ಗೆ ಫಜರ್‌ಗೆ ಎದ್ದಾಗ ನೋಡಿದರೆ ಕೆಂಪು ಸಾಲುಗಳು ಬಂದಿದ್ದವು. ಒಂದೇ ಒಂದು ದೋಷ ಬಂದರೂ ರ‍್ಯಾಮ್ ಪಾಸ್ ಅಲ್ಲ. ಇಲ್ಲಿ ಕನಿಷ್ಠ ಮಾರ್ಕ್ಸಿಗೆ ಪಾಸ್ ಇಲ್ಲ.

ನಮ್ಮಲ್ಲಿ ಇದ್ದದ್ದು 4 ಜಿಬಿಯ ಎರಡು ರ‍್ಯಾಮ್, ಎರಡು ಸ್ಲಾಟ್. ತಪ್ಪು ರ‍್ಯಾಮಿನದೋ ಸ್ಲಾಟಿನದೋ? ಇದಕ್ಕೆ ಮೂರು ಪರೀಕ್ಷೆ ಸಾಕು. ಒಂದನ್ನು 'ಎ', ಇನ್ನೊಂದನ್ನು 'ಬಿ' ಎಂದು ಚೀಟಿ ಅಂಟಿಸಿದೆ.

1. ಮೊದಲ ಸ್ಲಾಟಿನಲ್ಲಿ 'ಎ' ಮಾತ್ರ: ದೋಷ ಇಲ್ಲ.
2. ಮೊದಲ ಸ್ಲಾಟಿನಲ್ಲಿ 'ಬಿ' ಮಾತ್ರ: ದೋಷ ಇದೆ.
3. ಎರಡನೆಯ ಸ್ಲಾಟಿನಲ್ಲಿ 'ಎ' ಮಾತ್ರ: ದೋಷ ಇಲ್ಲ.

ಎರಡೂ ಸ್ಲಾಟ್ ಸರಿ, 'ಎ' ಸರಿ, 'ಬಿ' ಕೆಟ್ಟಿದೆ. ಆದರೂ ಕೊನೆಯದಾಗಿ 'ಬಿ'ಯ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ ಮತ್ತೆ ಹಾಕಿದೆ. ಧೂಳು, ತೇವದಿಂದ ಆ ಅಂಚು ಮಾಸಿದ್ದರೆ ಇಷ್ಟರಲ್ಲೇ ಸರಿಯಾಗುವುದುಂಟು, ಒಂದು ಪೈಸೆ ಖರ್ಚಿಲ್ಲ. ನಮ್ಮದು ಆಗಲಿಲ್ಲ.

ರ‍್ಯಾಮ್ ಮುಟ್ಟುವ ಮೊದಲು ಕಂಪ್ಯೂಟರ್ ಆಫ್ ಮಾಡಿ ಪ್ಲಗ್ ಕಿತ್ತಿಡಿ. ಪವರ್ ಬಟನ್ ಒಮ್ಮೆ ಒತ್ತಿ ಉಳಿದ ವಿದ್ಯುತ್ ಹೋಗಲಿ. ಡಬ್ಬದ ಬಣ್ಣವಿಲ್ಲದ ಲೋಹದ ಭಾಗ ಮುಟ್ಟಿ, ಮೈಯಲ್ಲಿರುವ ಸ್ಥಿರ ವಿದ್ಯುತ್ ಇಳಿಯುತ್ತದೆ. ರ‍್ಯಾಮನ್ನು ಅಂಚಿನಲ್ಲಿ ಹಿಡಿದು, ಎರಡೂ ಕಡೆಯ ಕೊಂಡಿ ಟಕ್ ಎನ್ನುವವರೆಗೆ ಒತ್ತಿ. ಹೊಸದು ಕೊಳ್ಳುವಾಗ ಹಳೆಯದನ್ನು ಜೊತೆಗೆ ಒಯ್ಯಿರಿ. ಡಿಡಿಆರ್3 ಸ್ಲಾಟಿಗೆ ಡಿಡಿಆರ್4 ಹೊಂದುವುದಿಲ್ಲ, ಅಂಚಿನ ಸೀಳು ಬೇರೆ ಜಾಗದಲ್ಲಿರುತ್ತದೆ.

ಸರಿಯಾಯಿತು ಎಂದು ಯಾವಾಗ ಹೇಳಬಹುದು?

'ಬಿ'ಯನ್ನು ತೆಗೆದ ಮರುದಿನವೇ ಅಮ್ಮಿ "ಸರಿ ಹೋಯ್ತಲ್ಲ" ಎಂದರು. ಆದರೆ ಎರಡು ದಿನಕ್ಕೊಮ್ಮೆ ಬರುವ ತೊಂದರೆ ಒಂದು ದಿನ ಬಾರದಿದ್ದರೆ ಏನೂ ಸಾಬೀತಾಗುವುದಿಲ್ಲ. ಹಳೆಯ ಲೆಕ್ಕದಲ್ಲಿ 14 ದಿನಕ್ಕೆ ಏಳು ಸಲವಾದರೂ ಬರಬೇಕು. ನಾವು 'ಎ' ಒಂದರಿಂದಲೇ 14 ದಿನ, ಮೊದಲಿನಷ್ಟೇ ಹೊತ್ತು ನಡೆಸಿದೆವು. ಒಮ್ಮೆಯೂ ಬರಲಿಲ್ಲ. ಆಮೇಲೆ ಮೈಸೂರಿನಿಂದ ಅದೇ ಬಗೆಯ 4 ಜಿಬಿ ರ‍್ಯಾಮ್ ತರಿಸಿದೆವು. 850 ರೂಪಾಯಿ ಆಯಿತು. ಅದನ್ನೂ ಒಂದು ರಾತ್ರಿ ಮೆಮ್‌ಟೆಸ್ಟ್‌ಗೆ ಹಾಕಿದ ಮೇಲೆಯೇ ಲೆಕ್ಕದ ಕೆಲಸಕ್ಕೆ ಬಳಸಿದೆವು. 700 ರೂಪಾಯಿ ಕೊಟ್ಟು ಫಾರ್ಮ್ಯಾಟ್ ಮಾಡಿಸಿದ್ದರೆ ಕೆಟ್ಟ ರ‍್ಯಾಮ್ ಡಬ್ಬದೊಳಗೇ ಉಳಿಯುತ್ತಿತ್ತು.

ತಾಳೆಪಟ್ಟಿ ತೋರಿಸದ ತಪ್ಪುಗಳು

ಇಷ್ಟಕ್ಕೆ ಕೆಲಸ ಮುಗಿಯಲಿಲ್ಲ. ತಾಳೆಪಟ್ಟಿ ಸರಿಹೊಂದಿದರೂ ಒಳಗೆ ಕೆಲವು ತಪ್ಪುಗಳು ಉಳಿದಿರಬಹುದು ಎಂದು ನಮಗೆ ಪಾಠದಲ್ಲಿ ಹೇಳಿದ್ದಾರೆ. ಕೆಟ್ಟ ರ‍್ಯಾಮ್ ಕೂಡ ಹಾಗೆಯೇ. ಕೆಟ್ಟ ಕೋಶಕ್ಕೆ ವಿಂಡೋಸ್‌ನ ಭಾಗ ಬಂದು ಕೂತರೆ ನೀಲಿ ಪರದೆ ಬರುತ್ತದೆ. ಅಲ್ಲಿಗೆ ಒಂದು ಅಂಕಿ ಬಂದು ಕೂತರೆ ಏನೂ ಸದ್ದಾಗದೆ ಅಂಕಿಯೇ ಬದಲಾಗಬಹುದು.

ಒಂದು ಉದಾಹರಣೆ. 1000 ಎಂಬ ಪೂರ್ಣಾಂಕ ಕಂಪ್ಯೂಟರಿನ ದ್ವಿಮಾನ ಪದ್ಧತಿಯಲ್ಲಿ 1111101000, ಅಂದರೆ 512, 256, 128, 64, 32 ಮತ್ತು 8ರ ಮೊತ್ತ. ಇದರ ಎಡಕ್ಕಿರುವ ಮುಂದಿನ ಸ್ಥಾನದ ಬೆಲೆ 1024. ಅಲ್ಲಿರಬೇಕಾದ 0 ಕೆಟ್ಟ ಕೋಶದಿಂದಾಗಿ 1 ಎಂದು ಓದಿಬಂದರೆ 1000 ಹೋಗಿ 2024 ಆಗುತ್ತದೆ. ಒಂದು ಕೋಶದ ತಪ್ಪಿನಿಂದ ರೈತರೊಬ್ಬರ ಬಾಕಿ ಎರಡು ಪಟ್ಟಿಗಿಂತ ಹೆಚ್ಚು! ದೊಡ್ಡ ಸಂಸ್ಥೆಗಳ ಸರ್ವರ್‌ಗಳಲ್ಲಿ ಇಂಥ ಒಂದು ಕೋಶದ ತಪ್ಪನ್ನು ತಾನೇ ತಿದ್ದಿಕೊಳ್ಳುವ ಇಸಿಸಿ ರ‍್ಯಾಮ್ ಬಳಸುತ್ತಾರೆ. ಸಾಮಾನ್ಯವಾಗಿ ಮನೆಯ ಕಂಪ್ಯೂಟರಿನಲ್ಲಿ ಅದು ಇರುವುದಿಲ್ಲ.

ಆದ್ದರಿಂದ ರ‍್ಯಾಮ್ ಬದಲಿಸಿದ ಮೇಲೆ ಎರಡು ಕೆಲಸ ಮಾಡಬೇಕು. ಒಂದು, ವಿಂಡೋಸ್‌ನ ಸ್ವಂತ ಫೈಲುಗಳು ಕೆಟ್ಟಿವೆಯೇ ಎಂದು ನೋಡುವುದು. ಇದಕ್ಕೆ 'ಸಿಸ್ಟಮ್ ಫೈಲ್ ಚೆಕರ್' ಎಂಬ ಸಾಧನ ವಿಂಡೋಸ್‌ನಲ್ಲೇ ಇದೆ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಅದನ್ನು ನಡೆಸಬೇಕು. ಬಳಸಿ ಗೊತ್ತಿಲ್ಲದವರು ಕಂಪ್ಯೂಟರ್ ಲ್ಯಾಬಿನಲ್ಲಿ ಒಮ್ಮೆ ಕೇಳಿ ಕಲಿಯಬಹುದು. ಎರಡು, ನಮ್ಮ ಲೆಕ್ಕವನ್ನು ಕಾಗದದ ಜೊತೆ ತಾಳೆ ನೋಡುವುದು.

ನಮ್ಮ ಉದ್ರಿ ಫೈಲುಗಳಲ್ಲಿ ಒಂದು ತೆರೆಯಲೇ ಇಲ್ಲ. ಐದು ದಿನ ಹಿಂದಿನ ಬ್ಯಾಕಪ್ ಪೆನ್‌ಡ್ರೈವ್‌ನಲ್ಲಿತ್ತು. ಅದನ್ನು ಹಾಕಿ, ಆ ಐದು ದಿನದ ವ್ಯವಹಾರವನ್ನು ಬಿಲ್ ಪುಸ್ತಕ ನೋಡಿ ಮತ್ತೆ ಸೇರಿಸಿದೆ. ಆಮೇಲೆ ಅಬ್ಬಾ ಬಿಲ್ ಪುಸ್ತಕದಿಂದ ಓದುತ್ತಾ ಹೋದರು, ನಾನು ಪರದೆಯಲ್ಲಿ ಟಿಕ್ ಹಾಕುತ್ತಾ ಹೋದೆ. 63 ಖಾತೆಗೆ ಎರಡು ಸಂಜೆ ಹಿಡಿಯಿತು. ಅಲ್‌ಹಮ್ದುಲಿಲ್ಲಾಹ್, ಯಾರ ಬಾಕಿಯೂ ಬದಲಾಗಿರಲಿಲ್ಲ. ಬದಲಾಗಿಲ್ಲ ಎಂದು ಈಗ ಧೈರ್ಯವಾಗಿ ಹೇಳಬಹುದು, ಏಕೆಂದರೆ ನೋಡಿದ್ದೇವೆ.

ತಾಳೆ ನೋಡುವಾಗ ವ್ಯತ್ಯಾಸ ಬಂದರೆ ನಮ್ಮ ಪಾಠದ ಉಪಾಯಗಳು ನೆನಪಿರಲಿ. ವ್ಯತ್ಯಾಸ 9ರಿಂದ ಪೂರ್ತಿ ಭಾಗವಾದರೆ 54 ಬದಲು 45 ಎಂಬಂತೆ ಅಂಕಿ ಅದಲುಬದಲಾಗಿರಬಹುದು. ಅದು ಬರೆದವರ ತಪ್ಪು. ವ್ಯತ್ಯಾಸದ ಅರ್ಧದಷ್ಟು ಮೊತ್ತ ಪುಸ್ತಕದಲ್ಲಿ ಕಂಡರೆ ಅದನ್ನು ಡೆಬಿಟ್ ಬದಲು ಕ್ರೆಡಿಟ್ ಕಡೆ ಬರೆದಿರಬಹುದು. ಎಲ್ಲ ತಪ್ಪನ್ನೂ ಕಂಪ್ಯೂಟರಿನ ಮೇಲೆ ಹಾಕಬಾರದು.

ನೆನಪಿಡಬೇಕಾದ ಕ್ರಮ

1. ಬ್ಯಾಕಪ್ ಮಾಡಿ, ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿ.
2. ಪ್ರತಿ ಸಲವೂ ತಾರೀಖು, ಸಮಯ, ಕೋಡ್ ಬರೆದಿಡಿ. ಬಳಸಿದ ಗಂಟೆಯನ್ನೂ ಬರೆಯಿರಿ.
3. ಇತ್ತೀಚೆಗೆ ಏನು ಬದಲಾಯಿತು ಎಂದು ಯೋಚಿಸಿ. ಒಂದೇ ಕೋಡ್, ಒಂದೇ ಫೈಲ್ ಆದರೆ ಸಾಫ್ಟ್‌ವೇರ್ ಕಡೆ ನೋಡಿ. ಬೇರೆ ಬೇರೆಯಾಗಿದ್ದು ಸೇಫ್ ಮೋಡ್‌ನಲ್ಲೂ ಬಂದರೆ ಹಾರ್ಡ್‌ವೇರ್ ಕಡೆ ನೋಡಿ.
4. ಖರ್ಚಿಲ್ಲದ ಪರೀಕ್ಷೆ ಮೊದಲು, ಖರ್ಚಿನದು ಕೊನೆಗೆ. ಒಂದು ಸಲಕ್ಕೆ ಒಂದೇ ಬದಲಾವಣೆ.
5. ಎರಡು ದಿನಕ್ಕೊಮ್ಮೆ ಬರುತ್ತಿದ್ದರೆ ಎರಡು ವಾರವಾದರೂ ಕಾದು ನೋಡಿ.
6. ಯಂತ್ರ ಸರಿಯಾದ ಮೇಲೆ ಮಾಹಿತಿಯೂ ಸರಿಯಿದೆಯೇ ಎಂದು ಕಾಗದದ ಜೊತೆ ತಾಳೆ ನೋಡಿ.

ಫಾರ್ಮ್ಯಾಟ್ ಬೇಕಾಗುವ ಸಂದರ್ಭಗಳೂ ಇವೆ. ಆದರೆ ಅದು ಈ ಪಟ್ಟಿಯ ನಂತರ ಬರಬೇಕು, ಮೊದಲು ಅಲ್ಲ. ರಿಪೇರಿಗೆ ಕೊಡುವವರು ನಿಮ್ಮ ದಿನಚರಿಯನ್ನೂ ಜೊತೆಗೆ ಕೊಡಿ. ಒಳ್ಳೆಯ ರಿಪೇರಿಯವರಿಗೆ ಅದರಿಂದ ಅರ್ಧ ಕೆಲಸ ಮುಗಿಯುತ್ತದೆ. ಯಾರ ಮನೆಯಲ್ಲಾದರೂ ಹೀಗೆ ಆಗುತ್ತಿದ್ದರೆ ಮೆಮ್‌ಟೆಸ್ಟ್ ಹಾಕಿದ ಪೆನ್‌ಡ್ರೈವ್ ನನ್ನ ಬಳಿ ಇದೆ, ಒಂದು ರಾತ್ರಿಗೆ ಕೇಳಿ ತೆಗೆದುಕೊಂಡು ಹೋಗಬಹುದು. ಕೊಂಡುಹೋದವರು ಫಲಿತಾಂಶವನ್ನು ತಾರೀಖಿನ ಜೊತೆ ಬರೆದು ತಂದರೆ ಮುಂದಿನ ಸಂಚಿಕೆಯಲ್ಲಿ ಎಲ್ಲರಿಗೂ ಹಂಚಿಕೊಳ್ಳೋಣ, ಇನ್‌ಶಾ ಅಲ್ಲಾಹ್.